ಹಿಡಿದ ಮೀನು ಸಂಜೆವರೆಗೂ ಬದುಕಿರಲು ನಾನು ಮಾಡಿಕೊಂಡ ಬಲೆಚೀಲ

ಗೊರೂರು ಹೇಮಾವತಿ ಹಿನ್ನೀರಿನಲ್ಲಿ, ಶೆಟ್ಟಿಹಳ್ಳಿ ಚರ್ಚ್ ಕಡೆ, ಭಾನುವಾರ ಗಾಳ ಹಾಕಲು ಹೋಗುತ್ತೇನೆ. ಒಂದು ಮಾರ್ಚ್‌ನಲ್ಲಿ ಬೆಳಿಗ್ಗೆಯೇ ಆರು ಜಿಲೇಬಿ ಮೀನು (ತಿಲಾಪಿಯಾ), ಒಂದು ರೋಹು ಸಿಕ್ಕಿದವು. ಬಕೆಟ್‌ನಲ್ಲಿ ನೀರು ತುಂಬಿ ಅದರೊಳಗೆ ಬಿಟ್ಟು ದಡದಲ್ಲೇ ಇಟ್ಟೆ. ಬಿಸಿಲೇರುವಷ್ಟರಲ್ಲಿ ರೋಹು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಮನೆ ಸೇರುವಾಗ ಮೆತ್ತಗಾಗಿ ವಾಸನೆ ಬಂದಿತ್ತು, ಎಸೆಯಬೇಕಾಯಿತು. ಜೀವ ತೆಗೆದು ತಿನ್ನದೆ ಎಸೆಯುವುದು ತಪ್ಪು ಅಲ್ವಾ? ಆ ಬೇಜಾರು ಹೋಗಲೇ ಇಲ್ಲ.

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಗೆ ಬಂದರೆ ಏಳೂವರೆ ಹಿಡಿಯುತ್ತದೆ, ಅದೇ ಹೊತ್ತಿಗೆ ಮೀನಿಗೆ ಉಸಿರು ಜಾಸ್ತಿ ಬೇಕಾಗುತ್ತದೆ. ಬಕೆಟ್ ನೀರು ಎಷ್ಟು ಹೊತ್ತು ತಾನೇ ಸಾಕಾದೀತು?

ಅದಕ್ಕೇ ಮೀನನ್ನು ಹಿನ್ನೀರಿನಲ್ಲೇ ಇಡುವ ಚೀಲ ಮಾಡಿಕೊಂಡೆ. ಶುಂಠಿ ಹೊಲದಲ್ಲಿ ಮಿಕ್ಕಿದ್ದ ಡ್ರಿಪ್ ಪೈಪನ್ನು ಒಂದೂವರೆ ಅಡಿ ಅಗಲದ ಮೂರು ಬಳೆ ಮಾಡಿ, ಐದಡಿ ಉದ್ದದ ಬಲೆಗೆ ಮೇಲೆ, ನಡುವೆ, ಕೆಳಗೆ ಹೊಲಿದೆ. ಬಳೆ ಇಲ್ಲದಿದ್ದರೆ ಅಲೆಗೆ ಬಲೆ ಮುದುಡಿ ಮೀನು ಒತ್ತಿಕೊಳ್ಳುತ್ತದೆ. ಈ ಪೈಪ್ ನೀರಲ್ಲಿ ತೇಲುತ್ತದೆ, ಹಾಗಾಗಿ ಕೆಳಗಿನ ಬಳೆಯೊಳಗೆ ಒಣ ಮರಳು ತುಂಬಿ ಬಾಯಿ ಮುಚ್ಚಿದೆ. ಚೀಲದ ಬಾಯಿಗೆ, ಎಳೆದರೆ ಬಿಗಿಯುವ ದಾರ. ಮೊದಲು ಹಳೆ ನೈಲಾನ್ ಬಲೆ ಹಾಕಿದ್ದೆ, ಅದರ ಗಂಟುಗಳಿಗೆ ಉಜ್ಜಿ ಮೀನಿನ ಹುರುಪೆ ಕಿತ್ತು ಬರುತ್ತಿತ್ತು. ಈಗ ಗಂಟಿಲ್ಲದ, ಕಿರುಬೆರಳು ತೂರದಷ್ಟು ಸಣ್ಣ ಕಣ್ಣಿನ ಮೆತ್ತನೆ ಬಲೆ.

ಚೀಲ ಎಲ್ಲಿ ಬಿಡುತ್ತೀರಿ ಅನ್ನುವುದು ಇನ್ನೂ ಮುಖ್ಯ. ದಡದಂಚಿನ ನೀರು ಮಧ್ಯಾಹ್ನ ಕಾದಿರುತ್ತದೆ. ಸೊಂಟದಷ್ಟು ಆಳ ಇರುವ, ಮರದ ನೆರಳು ಬೀಳುವ ಕಡೆ ಗೂಟ ಹೊಡೆದು ಕಟ್ಟುತ್ತೇನೆ. ಗಾಳ ಬಿಡಿಸುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಒಣ ಕೈಗೆ ಮೀನಿನ ಮೈಮೇಲಿನ ಲೋಳೆ ಅಂಟಿ ಹೋಗುತ್ತದೆ, ಆ ಲೋಳೆಯೇ ಅದಕ್ಕೆ ಕಾವಲು. ಗಾಳ ನುಂಗಿ ಕಿವಿರಿನಲ್ಲಿ ರಕ್ತ ಬಂದ ಮೀನನ್ನು ಚೀಲಕ್ಕೆ ಬಿಡುವುದೇ ಇಲ್ಲ. ಅಲ್ಲೇ ಕೊಂದು ಐಸ್ ಇರುವ ಡಬ್ಬಿಗೆ ಹಾಕುತ್ತೇನೆ. ಸುಮ್ನೆ ನರಳಿಸುವುದು ಯಾಕೆ?

ಮುರುಗೋಡು ಮೀನು ಸಿಕ್ಕರೆ ಇಷ್ಟೆಲ್ಲ ಬೇಡ, ಅದು ಮೇಲಿನ ಗಾಳಿಯನ್ನೂ ಉಸಿರಾಡುತ್ತದೆ, ಒದ್ದೆ ಗೋಣಿಯಲ್ಲೂ ತಡೆಯುತ್ತದೆ.

ಈಗ ಸಂಜೆ ಐದಕ್ಕೆ ಚೀಲ ಎತ್ತಿದರೆ ಮೀನು ಪಟಪಟ ಬಡಿಯುತ್ತವೆ. ಊಟಕ್ಕೆ ಬೇಕಾದಷ್ಟು ತೆಗೆದುಕೊಂಡು, ಚಿಕ್ಕವನ್ನು ಚೀಲ ನೀರಲ್ಲಿರುವಾಗಲೇ ಬಾಯಿ ಸಡಿಲಿಸಿ ಬಿಟ್ಟುಬಿಡುತ್ತೇನೆ.