ಮೈಕ್ ಅಲುಗದೆ ನಿಲ್ಲಬೇಕು

ಹನುಮಂತನಗರದ ನಮ್ಮ ಮನೆಯ ಮಹಡಿಯಲ್ಲಿ 3.4 ಮೀಟರ್ ಉದ್ದದ ಕೋಣೆಯೊಂದಿದೆ. ಸಂಗೀತಗಾರ ಗೆಳೆಯರ ಕಛೇರಿಗಳ ಧ್ವನಿಮುದ್ರಣವನ್ನು ಅಲ್ಲೇ ಕುಳಿತು ಹದಗೊಳಿಸುತ್ತೇನೆ. ಬಹಳ ದಿನಗಳಿಂದ ಒಂದೇ ತೊಡಕು: ಮೃದಂಗದ ತೊಪ್ಪಿ, ಅಂದರೆ ಎಡಮುಖದ ಮಂದ್ರ ನಾದ, ನನ್ನ ಕುರ್ಚಿಯಲ್ಲಿ ಸೊರಗಿ ಕೇಳುತ್ತದೆ, ನಾನು ಅದನ್ನು ಏರಿಸುತ್ತೇನೆ, ಬೇರೆಯವರ ಮನೆಯಲ್ಲಿ ಅದೇ ತೊಪ್ಪಿ ಗುಡುಗುತ್ತದೆ. ದೋಷ ಕಿವಿಯದೋ ಕೋಣೆಯದೋ ತಿಳಿಯಬೇಕಿದ್ದರೆ ಸ್ಪೀಕರಿನಿಂದ ಸ್ವರ ನುಡಿಸಿ, ಅದು ಕೋಣೆಯ ಯಾವ ಜಾಗದಲ್ಲಿ ಎಷ್ಟು ಕೇಳುತ್ತದೆಂದು ಮೈಕ್ ಇಟ್ಟು ಅಳೆಯಲೇಬೇಕಿತ್ತು.

ಮೊದಲು ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿ ಮೈಕ್ ಸ್ಟ್ಯಾಂಡನ್ನು ಕೈಯಿಂದಲೇ ಸರಿಸಿದೆ. ಮಂದ್ರದ ಶಬ್ದಗಳಿಗೆ ಅಷ್ಟು ಸಾಕು. ಆದರೆ 10 ಕಿಲೋಹರ್ಟ್ಜ್‌ನಲ್ಲಿ ಅಲೆಯ ಉದ್ದ ಸುಮಾರು 34 ಮಿಲಿಮೀಟರ್ ಮಾತ್ರ. ಒಂದು ಸೆಂಟಿಮೀಟರ್ ತಪ್ಪಿದರೆ ಕಾಲು ಅಲೆಗಿಂತ ಹೆಚ್ಚು ತಪ್ಪಿದಂತೆ. ಒಂದೇ ಗುರುತಿನ ಮೇಲೆ ಎರಡು ಸಲ ಇಟ್ಟರೂ ಅಳತೆಯ ಗೆರೆಗಳು ಒಂದಕ್ಕೊಂದು ಹೊಂದಲಿಲ್ಲ.

ಮೈಕನ್ನು ಯಂತ್ರವೇ ಸರಿಸಲೆಂದು, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋಗಿ ಹೆಜ್ಜೆ ಹೆಜ್ಜೆಯಾಗಿ ತಿರುಗುವ ನೆಮಾ 17 ಸ್ಟೆಪ್ಪರ್ ಮೋಟಾರ್, ಅದಕ್ಕೆ ವಿದ್ಯುತ್ ಹರಿಸುವ ಎ4988 ಡ್ರೈವರ್, ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್ ಹಲಗೆ ಆರ್ಡುಯಿನೊ, ಹಲ್ಲುಗಳುಳ್ಳ ಜಿಟಿ2 ಬೆಲ್ಟು, 20 ಹಲ್ಲಿನ ಪುಲ್ಲಿ ತಂದೆ. ಲೆಕ್ಕ ಸರಳ. ಮೋಟಾರಿನ ಒಂದು ಸುತ್ತಿಗೆ 200 ಹೆಜ್ಜೆ. ಬೆಲ್ಟಿನ ಹಲ್ಲುಗಳ ನಡುವೆ 2 ಮಿಲಿಮೀಟರ್, ಅಂದರೆ ಸುತ್ತಿಗೆ 40 ಮಿಲಿಮೀಟರ್. ಒಂದು ಹೆಜ್ಜೆಗೆ 0.2 ಮಿಲಿಮೀಟರ್. ಎರಡು ಮೀಟರಿನ ಅಲ್ಯೂಮಿನಿಯಂ ಹಳಿಯ ಮೇಲೆ ಗಾಲಿಬಂಡಿ ಕೂರಿಸಿದ್ದು ಎರಡು ಭಾನುವಾರಗಳ ಕೆಲಸ.

ಮೈಕನ್ನು ಓಡಿಸುವುದು ಸುಲಭವಾಗಿತ್ತು, ನಿಲ್ಲಿಸುವುದೇ ಕಷ್ಟವಾಯಿತು. ನಿಂತ ಮೇಲೂ ಮೋಟಾರಿನ ಸುರುಳಿಗಳಲ್ಲಿ ವಿದ್ಯುತ್ ಹರಿಯುತ್ತಲೇ ಇರುತ್ತದೆ, ಸಣ್ಣಗೆ ಸಿಳ್ಳೆ ಹಾಕುತ್ತಿರುತ್ತದೆ. ಮುದ್ರಣದಲ್ಲಿ ಅದು ಸ್ಪಷ್ಟವಾಗಿ ಕಂಡಿತು. ಅಳೆಯುವಾಗ ಡ್ರೈವರಿನ ಎನೇಬಲ್ ಪಿನ್ನಿನಿಂದ ಆ ವಿದ್ಯುತ್ತನ್ನು ಕಡಿಯುವಂತೆ ಪ್ರೋಗ್ರಾಂ ಬರೆದೆ. ಹಳಿ ಅಡ್ಡವಾಗಿರುವುದರಿಂದ ಬಂಡಿ ಜಾರುವುದಿಲ್ಲ. ಮೈಕ್ ಹಿಡಿದ ತೋಳು ಮಾತ್ರ ಬಂಡಿ ನಿಂತ ಮೇಲೂ ತೂಗುತ್ತಿತ್ತು. ವೇಗವನ್ನು ಮೆಲ್ಲಗೆ ಏರಿಸಿ ಮೆಲ್ಲಗೆ ಇಳಿಸಿ, ನಿಂತ ಮೇಲೆ ಮೂರು ಸೆಕೆಂಡು ಕಾದರೆ ಅದು ಅಡಗುತ್ತದೆ. ಬೆಲ್ಟಿನ ಸಡಿಲ ಲೆಕ್ಕ ಕೆಡಿಸದಿರಲೆಂದು ಪ್ರತಿ ಜಾಗವನ್ನೂ ಒಂದೇ ದಿಕ್ಕಿನಿಂದ ತಲುಪುತ್ತೇನೆ.

ನನ್ನನ್ನು ಹೆಚ್ಚು ಕಾಡಿದ್ದು ಆ ತೋಳೇ. ಮೊದಲು ಮೈಕಿನ ಹಿಂದೆ ಹತ್ತು ಸೆಂಟಿಮೀಟರಿನಲ್ಲೇ ಬಂಡಿಯ ಅಗಲವಾದ ತಗಡಿತ್ತು. ಅದಕ್ಕೆ ತಾಗಿ ಮರಳುವ ಶಬ್ದ 20 ಸೆಂಟಿಮೀಟರ್ ಹೆಚ್ಚು ನಡೆದು ಬರುತ್ತದೆ, ನೇರ ಬಂದ ಶಬ್ದದ ಜೊತೆ ಸೇರಿ ಕೆಲವು ಸ್ವರಗಳನ್ನು ತಗ್ಗಿಸುತ್ತದೆ. ಫಲಿತಾಂಶದ ಗೆರೆಯಲ್ಲಿ ಸುಮಾರು 1,700 ಹರ್ಟ್ಜ್‌ಗೊಂದರಂತೆ ಬಾಚಣಿಗೆಯ ಹಲ್ಲಿನ ಹಾಗೆ ಕುಳಿಗಳು ಬಿದ್ದವು. ಅದು ಸ್ಪೀಕರಿನ ದೋಷವೆಂದು ವಾರವಿಡೀ ನಂಬಿದ್ದೆ. ಎಂಟು ಮಿಲಿಮೀಟರಿನ ತೆಳು ಕೊಳವೆ ಹಾಕಿ ಮೈಕನ್ನು ಅರ್ಧ ಮೀಟರ್ ಮುಂದಕ್ಕೆ ಚಾಚಿ, ತಗಡಿಗೆ ಹಳೆಯ ಕಂಬಳಿ ಸುತ್ತಿದ ಮೇಲೆ ಕುಳಿಗಳು ಬಹುಪಾಲು ಮುಚ್ಚಿಕೊಂಡವು. ಇಂಥದ್ದನ್ನು ಕಟ್ಟುವವರು ಮೋಟಾರಿಗಿಂತ ಮೊದಲು ಈ ತೋಳಿನ ಬಗ್ಗೆ ಯೋಚಿಸಲಿ ಎನ್ನುವುದು ನನ್ನ ವಿನಂತಿ.

ಅಳತೆಗೆ ಬೆಳಗಿನ ಜಾವ ಮೂರು ಗಂಟೆ ಆರಿಸಿಕೊಂಡೆ. ಐದರ ಹೊತ್ತಿಗೆ ನೀರಿನ ಟ್ಯಾಂಕರ್ ಬರುತ್ತದೆ, ಕೆಳಗೆ ಅಮ್ಮ ಮಿಕ್ಸಿ ಹಚ್ಚುತ್ತಾರೆ. ಕೋಣೆಯ ಹೊರಗೆ, ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಒಳಗೆ ಬಂಡಿ ಐದು ಸೆಂಟಿಮೀಟರ್ ಸರಿಯುವ ಸದ್ದು, ಮೌನ, ಆಮೇಲೆ ತಗ್ಗಿನಿಂದ ಎತ್ತರಕ್ಕೆ ಏರುವ ಉದ್ದನೆಯ ಸ್ವರ. ಹಿಂಗೋಡೆಯಿಂದ 30 ಸೆಂಟಿಮೀಟರಿನಲ್ಲಿ ಶುರುವಾಗಿ 41 ಜಾಗಗಳು. ಪ್ರತಿ ಕಡತದ ಹೆಸರಿನಲ್ಲೂ ಅದರ ದೂರ. ಹತ್ತೇ ನಿಮಿಷದಲ್ಲಿ ಮುಗಿಯಿತು.

ಯಾವ ಜಾಗದಲ್ಲಿ ಯಾವ ಸ್ವರ ಎಷ್ಟು ಜೋರು, ಎಲ್ಲಿ ಕ್ಷೀಣ (ಅಲ್ಲಿ ಕಪ್ಪು) ಎಂದು ತೋರಿಸುವ ನಕ್ಷೆ ಮೂಡಿದಾಗ ಮೈ ಜುಮ್ಮೆಂದಿತು. ಎದುರುಬದುರು ಗೋಡೆಗಳ ನಡುವೆ ಪುಟಿಯುವ ಶಬ್ದ ಕೆಲವು ಸ್ವರಗಳಲ್ಲಿ ನಿಂತ ಅಲೆಯಾಗುತ್ತದೆ, ಕೆಲವೆಡೆ ಉಬ್ಬಿ ಕೆಲವೆಡೆ ಬತ್ತುತ್ತದೆ. ಈ ಉದ್ದದ ಕೋಣೆಯಲ್ಲಿ ಅಂಥ ಮೊದಲ ಅಲೆ 51 ಹರ್ಟ್ಜ್, ಎರಡನೆಯದು 102. ಎರಡನೆಯದು ಹಿಂಗೋಡೆಯಿಂದ 85 ಸೆಂಟಿಮೀಟರಿನಲ್ಲಿ ಬತ್ತಿಹೋಗಬೇಕೆಂದು ಲೆಕ್ಕ ಹೇಳುತ್ತದೆ. ನಕ್ಷೆಯಲ್ಲೂ ಕಪ್ಪು ಪಟ್ಟೆ ಅಲ್ಲೇ ಇತ್ತು. ನನ್ನ ಕುರ್ಚಿಯಲ್ಲಿ ತಲೆ ಬರುತ್ತಿದ್ದುದೂ ಅಲ್ಲೇ. ಮೊದಲನೆಯದು ಬತ್ತುವುದು ಕೋಣೆಯ ನಡುಮಧ್ಯದಲ್ಲಿ, ಹಾಗಾಗಿ ಅಲ್ಲಿಗೂ ಹೋಗುವಂತಿಲ್ಲ. ಕುರ್ಚಿಯನ್ನು 40 ಸೆಂಟಿಮೀಟರ್ ಮುಂದೆ ಎಳೆದು ಹಳೆಯ ಮುದ್ರಣವೊಂದನ್ನು ಹಾಕಿದೆ. ತೊಪ್ಪಿ ತುಂಬಿಕೊಂಡು ಕೇಳಿಸಿತು.

ಈಗ ಮೈಕನ್ನು ಮೇಲೆ ಕೆಳಗೆ ಸರಿಸುವ ಎರಡನೆಯ ಹಳಿ ಕಟ್ಟುತ್ತಿದ್ದೇನೆ. ಅಲ್ಲಿ ವಿದ್ಯುತ್ ಕಡಿದರೆ ಬೆಲ್ಟಿನ ಬಂಡಿ ಕೆಳಗೆ ಜಾರುತ್ತದೆ. ಅದಕ್ಕೆ ಒಂದು ಸುತ್ತಿಗೆ ಎರಡೇ ಮಿಲಿಮೀಟರ್ ಏರುವ ತಿರುಪಿನ ಸರಳು ತಂದಿಟ್ಟಿದ್ದೇನೆ. ಅದು ತಾನಾಗಿ ಹಿಂದಕ್ಕೆ ತಿರುಗದು.