ಡ್ರೈವಿಂಗ್ ಮೋಡ್ ತಾನಾಗಿಯೇ ಆನ್ ಆಗಲಿ

ಕಾರಿನ ಬ್ಲೂಟೂತ್ ಕನೆಕ್ಟ್ ಆದ ಕೂಡಲೇ ಫೋನ್‌ನ ಡ್ರೈವಿಂಗ್ ಮೋಡ್ (ಗಾಡಿ ಓಡಿಸುವಾಗ ಮೆಸೇಜ್, ನೋಟಿಫಿಕೇಶನ್‌ಗಳ ಸದ್ದು ನಿಲ್ಲಿಸುವ ಸೆಟ್ಟಿಂಗ್) ತಾನಾಗಿ ಆನ್ ಆಗುವ ಹಾಗೆ ಒಂದು ಸಲ ಸೆಟ್ ಮಾಡಿಡಿ. ಐಫೋನ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಫೋಕಸ್, ಅದರಲ್ಲಿ ಡ್ರೈವಿಂಗ್. ಆಂಡ್ರಾಯ್ಡ್‌ನಲ್ಲಿ ಫೋನ್‌ನಿಂದ ಫೋನ್‌ಗೆ ಜಾಗ ಬೇರೆ, ಸೆಟ್ಟಿಂಗ್ಸ್‌ನಲ್ಲಿ ಡ್ರೈವಿಂಗ್ ಅಂತ ಹುಡುಕಿ ನೋಡಿ. ನಮ್ಮ ಕೈ ಫೋನ್ ಕಡೆ ಹೋಗುವುದೇ ಆ 'ಟಿಂಗ್' ಸದ್ದಿಗೆ ಅಲ್ವಾ? ಸದ್ದೇ ಇಲ್ಲದಿದ್ದರೆ ಆಸೆಯೂ ಹುಟ್ಟುವುದಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರೀ 3 ಸೆಕೆಂಡ್ ಕೆಳಗೆ ನೋಡಿದರೂ ಗಾಡಿ 50 ಮೀಟರ್ ಮುಂದೆ ಹೋಗಿರುತ್ತದೆ, ಅಷ್ಟೂ ದೂರ ಕಣ್ಣು ಮುಚ್ಚಿ ಓಡಿಸಿದ ಹಾಗೆ. ಮ್ಯಾಪ್‌ನಲ್ಲಿ ಊರು ಹಾಕುವುದು, ಹಾಡು ಆರಿಸುವುದು ಎಲ್ಲ ಹೊರಡುವ ಮೊದಲೇ ಮುಗಿಸಿಬಿಡಿ. ಸಿಗ್ನಲ್‌ನಲ್ಲಿ ನಿಂತಾಗ ನೋಡಿಕೊಂಡರಾಯಿತು ಅನ್ನಬೇಡಿ, ಎಷ್ಟೋ ದೇಶಗಳ ಕಾನೂನಿನಲ್ಲಿ ಕೆಂಪು ದೀಪಕ್ಕೆ ನಿಂತಿದ್ದರೂ ಅದು ಡ್ರೈವಿಂಗೇ. ಬ್ರಿಟನ್‌ನಲ್ಲಂತೂ 2022ರಿಂದ ಫೋನ್ ಕೈಯಲ್ಲಿ ಹಿಡಿದು ಫೋಟೊ ತೆಗೆಯುವುದು, ಹಾಡು ಬದಲಿಸುವುದೂ ತಪ್ಪೇ. ಇನ್ನು, ಈ ಡ್ರೈವಿಂಗ್ ಮೋಡ್ ಕೈಕೊಡುವುದು ಯಾವಾಗ ಅಂದರೆ, ಗಾಡಿಯಲ್ಲಿ ಬ್ಲೂಟೂತ್ ಇಲ್ಲದಿದ್ದಾಗ. ಅದರ ಬದಲು ವೇಗ ನೋಡಿ ಆನ್ ಆಗುವ ಆಯ್ಕೆ ಇಟ್ಟರೆ ಬಸ್ಸಿನಲ್ಲಿ ಸುಮ್ನೆ ಕೂತಿದ್ದರೂ ನೀವೇ ಓಡಿಸುತ್ತಿದ್ದೀರಿ ಅಂದುಕೊಳ್ಳುತ್ತದೆ. ಆಗ ಆಫ್ ಮಾಡಲು ಒಂದು ಬಟನ್ ಸಾಕು, ಓಡಿಸುವಾಗಲೂ ಅಷ್ಟೇ ಸುಲಭವಾಗಿ ಆಫ್ ಆಗುತ್ತದೆ. ಅದಕ್ಕೇ ಫೋನನ್ನು ಬ್ಯಾಗಿಗೆ ಹಾಕಿ ಹಿಂದಿನ ಸೀಟಿನಲ್ಲಿಡಿ.