ಕುಳಿತಾಗ ಕೀಲು ಏನು ಮಾಡುತ್ತದೆ

ಸೊಂಟದ ಕೀಲು ಬದಲಿಸುವಾಗ ಕಪ್ಪನ್ನು (ಕಟಿಮೂಳೆಯ ಗುಳಿಯಲ್ಲಿ ಇಡುವ ಕೃತಕ ಬಟ್ಟಲನ್ನು) 40 ಡಿಗ್ರಿ ಓರೆಯಾಗಿ, 15 ಡಿಗ್ರಿ ಮುಂದಕ್ಕೆ ಮುಖ ಮಾಡಿ ಕೂರಿಸು, ಎರಡರಲ್ಲೂ 10 ಡಿಗ್ರಿ ಆಚೀಚೆ ಆದರೂ ಚಿಂತೆಯಿಲ್ಲ: ಮೂಳೆ ಶಸ್ತ್ರವೈದ್ಯ ಲೆವಿನೆಕ್ ಮತ್ತು ಸಂಗಡಿಗರು 1978ರಲ್ಲಿ ಕೊಟ್ಟ ಲೆಕ್ಕ ಇದು. ನಾನು ವರ್ಷಗಟ್ಟಲೆ ಇದನ್ನೇ ನಂಬಿದ್ದೆ. ಈ ಲೆಕ್ಕಕ್ಕೆ ಸರಿಯಾಗಿಯೇ ಕೂತಿದ್ದ ಒಂದು ಕೀಲು ಮೂರನೇ ವಾರಕ್ಕೆ, ತಗ್ಗು ಕುರ್ಚಿಯಿಂದ ಏಳುವಾಗ ತಪ್ಪಿತು. ಆ ರೋಗಿಯ ಸಂಕಟ ನೋಡಿದ ಮೇಲೆ ನನಗೆ ನೆಮ್ಮದಿ ಇರಲಿಲ್ಲ.

ಅವರ ಬೆನ್ನುಮೂಳೆಯ ಕೆಳಭಾಗವನ್ನು ಹಿಂದೆಯೇ ಸ್ಕ್ರೂ ಹಾಕಿ ಬೆಸೆದಿದ್ದರು. ಸಾಮಾನ್ಯವಾಗಿ ನಾವು ಕುಳಿತಾಗ ಕಟಿಮೂಳೆ ಹಿಂದಕ್ಕೆ ವಾಲಿ, ಕಪ್ಪಿನ ಬಾಯಿ ಮುಂದಕ್ಕೆ ತೆರೆದು, ಮಡಚಿದ ತೊಡೆಗೆ ಜಾಗ ಬಿಡುತ್ತದೆ. ಬೆಸೆದ ಬೆನ್ನಿನವರಲ್ಲಿ ಅದು ಅಷ್ಟಾಗಿ ವಾಲುವುದಿಲ್ಲ. ಕೃತಕ ಕೀಲಿನಲ್ಲಿ ಕಪ್ಪಿನೊಳಗೆ ತಿರುಗುವ ಗುಂಡಿನ ಕೆಳಗಿರುವ ಕುತ್ತಿಗೆ ಕಪ್ಪಿನ ಮುಂದಿನ ಅಂಚಿಗೆ ತಾಗಿ, ಸನ್ನೆಗೋಲಿನಂತೆ ಆ ಗುಂಡನ್ನು ಹಿಂದಕ್ಕೆ ಎಬ್ಬಿಸುತ್ತದೆ.

ಮುಂದೆ ಅಂಥದೇ ಬೆನ್ನಿನ ಇನ್ನೊಬ್ಬರು ಬಂದಾಗ ಮೊದಲು ಕಂಪ್ಯೂಟರಿನಲ್ಲಿ ಆಪರೇಷನ್ ಮಾಡಿದೆ. ನಿಂತು ಒಂದು, ಕುಳಿತು ಒಂದು ಪಕ್ಕದ ಎಕ್ಸ್‌ರೇ. ಜೊತೆಗೆ ಮೊಣಕಾಲಿನವರೆಗೂ ಸಿಟಿ ಸ್ಕ್ಯಾನ್. ತೊಡೆಮೂಳೆ ಎಷ್ಟು ತಿರುಚಿದೆ ಎಂಬುದು ಮೊಣಕಾಲಿಗೆ ಹೋಲಿಸಿದರೆ ಮಾತ್ರ ತಿಳಿಯುತ್ತದೆ. ಮೃದ್ವಸ್ಥಿ ಸವೆದು ತೊಡೆಮೂಳೆಯ ಗುಂಡು ಕಟಿಮೂಳೆಯ ಗುಳಿಗೆ ಅಂಟಿಕೊಂಡಂತಿದ್ದ ಕಡೆ ಸಾಫ್ಟ್‌ವೇರ್ ಎರಡನ್ನೂ ಒಂದೇ ಮೂಳೆ ಎಂದುಕೊಂಡಿತ್ತು. ಅಲ್ಲಿ ಪದರ ಪದರವಾಗಿ ಗೆರೆ ಎಳೆದು ನಾನೇ ಬಿಡಿಸಿದೆ. ಬೇಸರದ ಕೆಲಸ, ಆದರೆ ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು.

ಆಮೇಲೆ ಮಾದರಿಯನ್ನು ಕೂರಿಸಿ, ತೊಡೆ ಮಡಚಿ, ಒಳಕ್ಕೆ ತಿರುಗಿಸಿದೆ. ಕಪ್ಪು 15 ಡಿಗ್ರಿಯಲ್ಲಿದ್ದಾಗ ತಾಗುವ ಜಾಗ ಕೆಂಪಾಯಿತು. 23ಕ್ಕೆ ಒಯ್ದಾಗ ಕುತ್ತಿಗೆ ಬಿಡಿಸಿಕೊಂಡಿತು, ಆದರೆ ಈಗ ಮೂಳೆಗೆ ಮೂಳೆ ತಾಗತೊಡಗಿತು. ತೊಡೆಮೂಳೆಯನ್ನು 4 ಮಿಲಿಮೀಟರ್ ಹೊರಕ್ಕೆ ಸರಿಸುವ ಸ್ಟೆಮ್ (ತೊಡೆಮೂಳೆಯೊಳಗೆ ಇಳಿಸುವ ದಂಡ) ಆರಿಸಿದ ಮೇಲೆ ಅದೂ ಹೋಯಿತು. ನಿಲ್ಲಿಸಿ, ಕಾಲನ್ನು ಹಿಂದಕ್ಕೆ ಚಾಚಿ ಹೊರಕ್ಕೆ ತಿರುಗಿಸಿಯೂ ನೋಡಿದೆ. ಕಪ್ಪನ್ನು ಮುಂದಕ್ಕೆ ತಿರುಗಿಸಿದಷ್ಟೂ ಹಿಂದಿನ ಅಂಚಿಗೆ ತಾಗುವ ಭಯ. ತಾಗಲಿಲ್ಲ.

ಪರದೆಯಲ್ಲಿ ಸ್ನಾಯುಗಳಿರಲಿಲ್ಲ. ಆಪರೇಷನ್ ಟೇಬಲ್ ಮೇಲೆ ಟ್ರಯಲ್ (ಅಳತೆ ನೋಡುವ ತಾತ್ಕಾಲಿಕ ಕೀಲು) ಕೂರಿಸಿ ತೊಡೆ ಮಡಚಿ, ಕಪ್ಪಿನ ಮುಂದಿನ ಅಂಚಿಗೆ ಬೆರಳಿಟ್ಟೆ. ಕುತ್ತಿಗೆಗೂ ಅಂಚಿಗೂ ನಡುವೆ ಬೆರಳು ಸಲೀಸಾಗಿ ಆಡಿತು. ಆದರೆ ಕಾಲು ಎಳೆದಾಗ ಕೀಲು ಸಡಿಲ ಅನ್ನಿಸಿತು. ಯೋಜನೆಯಲ್ಲಿದ್ದ ಗುಂಡನ್ನು ಬಿಟ್ಟು, ಕುತ್ತಿಗೆಯ ಉದ್ದ ಒಂದು ಅಳತೆ ಹೆಚ್ಚಿಸುವ ಗುಂಡನ್ನು ಹಾಕಿದೆ.